ತೈಸ್ಟೊನ ಕಲ್ಲಿನ ಬುಡದ ಪೆನ್ನಿಗಳು

ಕೊರ್ಪಿ ಊರಿನಲ್ಲಿ ರೈನೊ ಕಂಗಾಸನ ಬಗ್ಗೆ ಯಾರೂ ಕೆಟ್ಟ ಮಾತಾಡುತ್ತಿರಲಿಲ್ಲ. ಸ್ಮಶಾನ ನೋಡಿಕೊಳ್ಳುವವನ ಬಗ್ಗೆ ಆಡುವುದಾದರೂ ಏನು? ಮೂವತ್ತೊಂದು ವರ್ಷದಿಂದ ಹುಲ್ಲು ಕತ್ತರಿಸಿದ್ದಾನೆ, ವಾಲಿದ ಕಲ್ಲು ನೆಟ್ಟಗೆ ಮಾಡಿದ್ದಾನೆ, ಚಳಿಗಾಲದಲ್ಲಿ ನೆಲ ಕಬ್ಬಿಣವಾದಾಗ ಸತ್ತವರನ್ನು ಕಲ್ಲುಕೋಣೆಯಲ್ಲಿ ಇರಿಸಿಕೊಂಡು, ಮೇ ತಿಂಗಳಲ್ಲಿ ಒಬ್ಬೊಬ್ಬರನ್ನಾಗಿ ಮಣ್ಣಿಗೆ ಒಪ್ಪಿಸಿದ್ದಾನೆ. "ನಮ್ಮ ರೈನೊ ಕೈಗೆ ಹೋದರೆ ಚಿಂತೆ ಇಲ್ಲಪ್ಪ" ಅಂತ ಮುದುಕರು ಕಾಫಿ ಕುಡಿಯುತ್ತ ತಮಾಷೆ ಮಾಡುತ್ತಿದ್ದರು. 2008ನೇ ಇಸವಿಯ ಬೇಸಿಗೆಯಲ್ಲಿ ಮಾತ್ರ ಈ ಮಾತು ಕಿವಿಗೆ ಬಿದ್ದರೆ ಅವನು ಲೋಟ ಅರ್ಧಕ್ಕೇ ಬಿಟ್ಟು ಎದ್ದುಬಿಡುತ್ತಿದ್ದ.

ಅಮೆರಿಕದ ಮಿಷಿಗನ್ ರಾಜ್ಯದ ಆ ಮೇಲ್ತುದಿಯಲ್ಲಿ ಎಲ್ಲರೂ ತಾಮ್ರಕ್ಕೆ ಬಂದವರೇ. ರೈನೊನ ಅಜ್ಜ ಫಿನ್‌ಲೆಂಡಿನಿಂದ ಹಡಗು ಹತ್ತಿದ್ದು ತಾಮ್ರಕ್ಕೆ, ಅಪ್ಪ ಕೆಮ್ಮಿ ಕೆಮ್ಮಿ ಸತ್ತದ್ದು ತಾಮ್ರಕ್ಕೆ. ಹದಿನೆಂಟನೇ ವಯಸ್ಸಿನಲ್ಲಿ ಗಣಿಗೆ ಇಳಿದ ನಾಲ್ಕನೇ ತಿಂಗಳಿಗೆ ಅವನ ಎಡಗೈಯ ಎರಡು ಬೆರಳು ಹೋದದ್ದೂ ತಾಮ್ರಕ್ಕೇ. ಮರುವರ್ಷ ಗಣಿ ಮುಚ್ಚಿತು. ಊರಲ್ಲಿ ಉಳಿದದ್ದು ಕಲ್ಲಿನ ಗುಡ್ಡೆ, ಮುದುಕರು, ಮತ್ತು ಅರ್ಧ ವರ್ಷ ಬೀಳುವ ಹಿಮ.

ಅದಕ್ಕೇ ಇರಬೇಕು, ಪೆನ್ನಿಯ, ಅಂದರೆ ಒಂದು ಸೆಂಟಿನ ನಾಣ್ಯದ, ವಿಷಯ ಬಂದರೆ ರೈನೊಗೆ ಸಿಟ್ಟು. 1982ರಲ್ಲಿ ಸರ್ಕಾರ ಪೆನ್ನಿಯ ಹೊಟ್ಟೆಗೆ ಸತು ತುಂಬಿ ಮೇಲೆ ತೆಳ್ಳಗೆ ತಾಮ್ರದ ಅಂಗಿ ತೊಡಿಸಿತು. "ನಮ್ಮಪ್ಪ ತೆಗೆದದ್ದು ಈ ಕಳ್ಳ ಕಾಸಿಗಲ್ಲ" ಅನ್ನುತ್ತಿದ್ದ. ಶುಕ್ರವಾರ ಬ್ಯಾಂಕಿನಿಂದ ಕಾಗದದಲ್ಲಿ ಸುತ್ತಿದ ಪೆನ್ನಿ ಸುರುಳಿಗಳನ್ನು ತಂದು, ಅಡುಗೆಮನೆಯ ಮೇಜಿನ ಮೇಲೆ ಒಂದೊಂದನ್ನೇ ಬೀಳಿಸಿ ಕಿವಿಗೊಡುತ್ತಿದ್ದ. ಹಳೆಯದು ಗಂಟೆಯ ಹಾಗೆ ಹಾಡುತ್ತದೆ. ಹೊಸದು ಅಂಗಿಯ ಗುಂಡಿ ಬಿದ್ದ ಹಾಗೆ ಧಪ್ಪೆನ್ನುತ್ತದೆ. ಹಾಡಿದ್ದು ಐಸ್‌ಕ್ರೀಮಿನ ಖಾಲಿ ಬಕೆಟ್ಟಿಗೆ, ಧಪ್ಪೆಂದದ್ದು ಪಕ್ಕದೂರಿನ ಬ್ಯಾಂಕಿಗೆ ವಾಪಸು. ಹನ್ನೆರಡು ವರ್ಷದಲ್ಲಿ ನೆಲಮಾಳಿಗೆಯಲ್ಲಿ ಹನ್ನೊಂದು ಬಕೆಟ್ಟು ತುಂಬಿದ್ದವು.

ಹೆಂಡತಿ ಎಲ್ಮಾ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು, ಬಾಯಿ ಜೋರು.

"ಇದರಿಂದ ಏನು ಬರುತ್ತೆ ಹೇಳು ನೋಡೋಣ," ಅಂದಳು ಒಂದು ದಿನ, ಅವನು ಹನ್ನೆರಡನೇ ಬಕೆಟ್ಟು ತೊಳೆಯುತ್ತಿದ್ದಾಗ.

"ಒಂದೊಂದರಲ್ಲೂ ಎರಡು ಸೆಂಟಿನ ತಾಮ್ರ ಇದೆ ಕಣೆ."

"ಹಾಗಾದರೆ ಕರಗಿಸಿ ಮಾರು."

"ಕರಗಿಸಿದರೆ ಜೈಲು. ಹೋದ ವರ್ಷ ಕಾನೂನು ಬಂತಲ್ಲ."

"ಅಂಗಡೀಲಿ ಕೊಡು."

"ಅಂಗಡೀಲಿ ಒಂದೇ ಸೆಂಟು."

"ಅಂದರೆ ಮನೇಲಿದ್ದರೆ ಎರಡು, ಬಾಗಿಲು ದಾಟಿದರೆ ಒಂದು. ನನ್ನ ತಮ್ಮನ ಹಾಗೇ ಇದೆ ಬಿಡು ನಿನ್ನ ಪೆನ್ನಿ! ಅವನಿಗಾದರೂ ಊಟ ಹಾಕಬೇಕು, ಇದಕ್ಕೆ ಅದಿಲ್ಲ, ಅಷ್ಟೇ ಪುಣ್ಯ."

ರೈನೊ ನಕ್ಕ. ಆಗೆಲ್ಲ ಅವನಿಗೆ ನಗು ಬರುತ್ತಿತ್ತು.

ಸ್ಮಶಾನದಲ್ಲೂ ಪೆನ್ನಿ ಸಿಗುತ್ತಿತ್ತು. ಸೈನಿಕರ ಕಲ್ಲಿನ ಮೇಲೆ, ನೋಡಲು ಬಂದವರು ಒಂದು ಪೆನ್ನಿ ಇಟ್ಟು ಹೋಗುವುದು ಆ ದೇಶದ ರೂಢಿ. ನಾನು ಬಂದಿದ್ದೆ, ನಿನ್ನನ್ನು ಮರೆತಿಲ್ಲ ಅಂತ ಅದರ ಅರ್ಥ. ಹುಲ್ಲಿನ ಯಂತ್ರಕ್ಕೆ ಸಿಕ್ಕಿ ಹಾರಬಾರದೆಂದು ಅವನ್ನೆಲ್ಲ ಆರಿಸಿ, ಸಮಾಧಿಗಳಿಗೆ ಹೂವು ತರಲು ಇಟ್ಟ ಊರಿನ ಹೂವಿನ ಡಬ್ಬಿಗೆ ಹಾಕುವುದು ರೈನೊನ ಕೆಲಸ. ಹಾಕುವಾಗ ತಾಮ್ರದ್ದನ್ನು ಜೇಬಿಗಿಳಿಸಿ ಅದರ ಬದಲು ಸತುವಿನದು ಹಾಕುತ್ತಿದ್ದ. ಒಂದಕ್ಕೆ ಒಂದು. ಡಬ್ಬಿಗೆ ಒಂದು ಸೆಂಟೂ ಕಡಿಮೆಯಾಗುತ್ತಿರಲಿಲ್ಲ, ಹಾಗಾಗಿ ಅವನ ಮನಸ್ಸಿಗೂ ಭಾರವಿರಲಿಲ್ಲ.

ಒಂದೇ ಒಂದು ಕಲ್ಲಿನ ಹತ್ತಿರ ಯಾರೂ ಕೈ ಹಾಕುತ್ತಿರಲಿಲ್ಲ. ಅದು ತೈಸ್ಟೊ ಹರ್ಯುನ ಕಲ್ಲು.

ತೈಸ್ಟೊ ಮತ್ತು ರೈನೊ ಒಂದೇ ಬೀದಿಯವರು, ಒಂದೇ ವರ್ಷ ಹುಟ್ಟಿದವರು. ವಿಯೆಟ್ನಾಮ್ ಯುದ್ಧಕ್ಕೆ ಆಳು ಆರಿಸುವಾಗ ಇಬ್ಬರೂ ಒಂದೇ ಬಸ್ಸಿನಲ್ಲಿ ಮಿಲ್ವಾಕಿಗೆ ವೈದ್ಯರ ಪರೀಕ್ಷೆಗೆ ಹೋದರು. ಬೆರಳಿಲ್ಲದ ರೈನೊನನ್ನು ವಾಪಸು ಕಳಿಸಿದರು, ತೈಸ್ಟೊನನ್ನು ಇಟ್ಟುಕೊಂಡರು. ಒಬ್ಬನೇ ಬಸ್ಸಿನಲ್ಲಿ ಬರುವಾಗ ರೈನೊ ದಾರಿಯುದ್ದಕ್ಕೂ ಸಣ್ಣಗೆ ಸಿಳ್ಳೆ ಹಾಕಿದ್ದ. ಆ ಸಿಳ್ಳೆಯ ವಿಷಯ ಅವನು ಎಲ್ಮಾಗೂ ಹೇಳಿರಲಿಲ್ಲ. 1970ರಲ್ಲಿ ತೈಸ್ಟೊನ ಶವಪೆಟ್ಟಿಗೆ ಬಂತು.

ತೈಸ್ಟೊನ ಅಪ್ಪ ಆರ್ನೆ ಗಣಿಯಲ್ಲಿ ಬಂಡೆ ಕೊರೆಯುತ್ತಿದ್ದವನು. ಮಗನ ಕಲ್ಲಿನ ಪೀಠದಲ್ಲಿ ಸುತ್ತ ಒಂದು ಪೆನ್ನಿಯ ಅಗಲಕ್ಕೆ ತೋಡು ಕೊರೆದು, ಮಗ ಹುಟ್ಟಿದ 1949ರ ಒಂದು ಪೆನ್ನಿಯನ್ನು ಅದರಲ್ಲಿ ಮಲಗಿಸಿದ. ಅಂದಿನಿಂದ ಪ್ರತಿ ಮೇ ತಿಂಗಳ ಕೊನೆಯ ಸೋಮವಾರ, ಯುದ್ಧದಲ್ಲಿ ಸತ್ತವರ ದಿನ, ಒಂದೊಂದು. ಆರ್ನೆ ಹೋದ ಮೇಲೆ ಹೆಂಡತಿ ಲೆಂಪಿ ಇಡುತ್ತಾ ಬಂದಳು. ಎಲ್ಲವೂ 1949ರವೇ. ಊರಿಗೆಲ್ಲ ಇದು ಗೊತ್ತು. ಬ್ಯಾಂಕಿನ ಹುಡುಗಿ, ಟಪಾಲಿನವನು, ದಿನಸಿ ಅಂಗಡಿಯವಳು, ಯಾರಿಗೆ ಆ ಇಸವಿಯ ಪೆನ್ನಿ ಸಿಕ್ಕಿದರೂ "ಲೆಂಪಿ ದೊಡ್ಡಮ್ಮಂಗೆ" ಅಂತ ತೆಗೆದಿಡುವರು. 2007ಕ್ಕೆ ಮೂವತ್ತೆಂಟು ಆಗಿದ್ದವು. ಚಳಿಗಾಲ ಕಂಡು ಕಂಡು ಮೇಲ್ಮುಖ ಹಸಿರಾಗಿ, ಕಲ್ಲಿಗೆ ಹಾಕಿದ ಅಂಚಿನ ಹಾಗೆ ಕಾಣುತ್ತಿದ್ದವು.

ಆ ವರ್ಷ ಅಕ್ಟೋಬರಿನಲ್ಲಿ ತಾಮ್ರದ ಬೆಲೆ ಏರಿದೆಯೆಂದು ಪತ್ರಿಕೆಯಲ್ಲಿ ಬಂದಿತ್ತು. ಪೆನ್ನಿ ಕೂಡಿಡುವ ವಿಸ್ಕಾನ್ಸಿನ್ನಿನ ಒಬ್ಬ, ತುಂಬಿದ ಒಂದು ಬಕೆಟ್ಟು ಕೊಟ್ಟರೆ ಅದರ ಪೆನ್ನಿಗಳ ಬೆಲೆಯ ಮೇಲೆ ಇಪ್ಪತ್ತೈದು ಡಾಲರ್ ಕೊಡುತ್ತೇನೆ ಅಂದಿದ್ದ. ಒಂದನ್ನು ಮಾರಿದರೂ ಮನೆಯಲ್ಲಿ ತುಂಬಿದ ಹನ್ನೊಂದು ಉಳಿಯಬೇಕೆಂದು ರೈನೊನ ಹಟ, ಹನ್ನೆರಡನೇ ಬಕೆಟ್ಟು ತುಂಬಲು ಇನ್ನು ಸ್ವಲ್ಪ ಬೇಕಿತ್ತು. ರೈನೊ ಹಿಮ ಬೀಳುವ ಮುಂಚಿನ ಕೊನೆಯ ಸಲ ಎಲೆ ಗುಡಿಸುತ್ತಿದ್ದ. ಕೋಟಿನ ಜೇಬಿನಲ್ಲಿ, ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪಿನಲ್ಲಿ ಬಿದ್ದು ಗೀರಾದ ಸತುವಿನ ಪೆನ್ನಿಗಳು ಹಿಡಿಗಟ್ಟಲೆ ಇದ್ದವು.

ಅವನು ತೈಸ್ಟೊನ ಕಲ್ಲಿನ ಮುಂದೆ ಮೊಣಕಾಲೂರಿದ. ಇಸವಿ ಓದಲಿಲ್ಲ. ಓದಬಾರದು ಅಂತಲೇ ಓದಲಿಲ್ಲ. ಒಂದು ತೆಗೆದ, ಒಂದು ಇಟ್ಟ. ಒಂದು ತೆಗೆದ, ಒಂದು ಇಟ್ಟ. ಮುದುಕಿಗೆ ಎಂಬತ್ತೈದು ವರ್ಷ, ಬಗ್ಗಿ ನೋಡುತ್ತಾಳಾ? ಲೆಕ್ಕ ಸರಿಯಿದ್ದರೆ ಸಾಕು ಅಂದುಕೊಂಡ. ಮನೆಗೆ ಬಂದು, ಒಂದೇ ಕಡೆ ಕಣ್ಣಿಗೆ ಬೀಳದಿರಲೆಂದು, ಒಂದು ಹಿಡಿ ಈ ಬಕೆಟ್ಟಿಗೆ, ಒಂದು ಹಿಡಿ ಆ ಬಕೆಟ್ಟಿಗೆ ಸುರಿದ. ವಾರದಲ್ಲಿ ಹಿಮ ಬಿದ್ದು ಎಲ್ಲ ಮುಚ್ಚಿತು. ಬಕೆಟ್ಟು ಮಾರಿದ್ದೂ ಆಯಿತು, ಬಂದ ಇಪ್ಪತ್ತೈದು ಡಾಲರಿಗೆ ಹಿಮ ತೆಗೆಯುವ ಸಲಿಕೆ ಕೊಂಡದ್ದೂ ಆಯಿತು.

ತಾಮ್ರ ನೀರಿನಲ್ಲಿ ಕೂತರೆ ಹಸಿರಾಗುತ್ತದೆ, ಅಷ್ಟೇ. ಸತು ಹಾಗಲ್ಲ. ಮೇಲಿನ ಅಂಗಿ ಒಂದು ಗೀರು ಹರಿದರೂ ಒಳಗೆ ಕೊಳೆಯುತ್ತದೆ. ತಾಮ್ರದ ಊರಿನಲ್ಲಿ ಹುಟ್ಟಿದ ರೈನೊಗೆ ಇದು ಹೊಳೆಯಲಿಲ್ಲ.

ಮೇ ಕೊನೆಯ ಸೋಮವಾರ ಲೆಂಪಿ ಬಂದಳು. ಜೊತೆಗೆ ಮಗಳು ಮಾರ್ಲೀನ್. ತೈಸ್ಟೊಗಿಂತ ಮೂರು ವರ್ಷ ಚಿಕ್ಕವಳು, ಗ್ರೀನ್ ಬೇ ಪಟ್ಟಣದಲ್ಲಿ ಇರುವವಳು, ಅಮ್ಮ ಒಬ್ಬಳೇ ಇರುವುದು ಬೇಡ ಅಂತ ಎರಡು ವರ್ಷದಿಂದ ಹಟ ಹಿಡಿದವಳು. ರೈನೊ ದೂರದಲ್ಲಿ ಬಾವುಟ ನೆಡುತ್ತಿದ್ದ.

"ಇವು ನನ್ನವಲ್ಲ," ಅನ್ನುವ ಧ್ವನಿ ಕೇಳಿಸಿತು.

ತೋಡಿನ ತುಂಬ ಪೆನ್ನಿಗಳು ಗುಳ್ಳೆ ಎದ್ದು, ಕಪ್ಪಾಗಿ, ಅಂಚು ತಿಂದು ಹೋಗಿದ್ದವು. ಸುಣ್ಣದಂಥ ಬಿಳಿ ಪುಡಿ ಸೋರಿ ಕಲ್ಲಿನ ಮೇಲೆ ಕರೆ ಕಟ್ಟಿತ್ತು.

"ಅಮ್ಮಾ, ನಿನ್ನವೇ. ಎಷ್ಟಿವೆ ನೋಡು, ಮೂವತ್ತೆಂಟೇ ಇವೆ."

"ಇಸವಿ ನೋಡೇ."

ಮಾರ್ಲೀನ್ ಕನ್ನಡಕ ಏರಿಸಿ ಬಗ್ಗಿದಳು. "ತೊಂಬತ್ತನಾಲ್ಕು. ಎರಡು ಸಾವಿರದ ಮೂರು. ಇದು ಓದೋಕಾಗಲ್ಲ. ಅಮ್ಮಾ, ನೀನು ಸಿಕ್ಕಿದ್ದೆಲ್ಲ ಇಟ್ಟಿದ್ದೀಯ."

"ನಾನಾ? ನಾನು ಇಡ್ತೀನಾ? ಯಾರೋ ಬದಲಾಯಿಸಿದ್ದಾರೆ."

"ಪೆನ್ನಿ ಕದಿಯೋ ಕಳ್ಳ, ಕದ್ದ ಜಾಗದಲ್ಲಿ ಪೆನ್ನಿ ಇಟ್ಟು ಹೋಗ್ತಾನಾ ಅಮ್ಮಾ? ಎಣಿಸಿ ಬೇರೆ?" ಮಾರ್ಲೀನ್ ಕೆಟ್ಟವಳಲ್ಲ, ಅವಳ ಕಣ್ಣು ತುಂಬಿತ್ತು. "ರೈನೊ, ಇಲ್ಲಿ ಬಾಪ್ಪ. ನೀನೇ ಹೇಳು. ಇಲ್ಲಿ ಯಾರಾದರೂ ಬಂದು ಮುಟ್ಟಿದ್ದು ನೋಡಿದ್ದೀಯಾ?"

ಲೆಂಪಿ ಅವನ ಮುಖವನ್ನೇ ನೋಡಿದಳು. ಅವಳ ಕೈಗವಸಿನೊಳಗೆ ಆ ವರ್ಷದ ಪೆನ್ನಿ ಇತ್ತು, ಇಡಲೆಂದು ತಂದದ್ದು.

"ನಾನು ಯಾರನ್ನೂ ನೋಡಿಲ್ಲ," ಅಂದ ರೈನೊ.

ಆ ಮಾತು ಒಂದು ರೀತಿಯಲ್ಲಿ ಸುಳ್ಳೂ ಅಲ್ಲ, ತನ್ನನ್ನು ತಾನು ಯಾರು ನೋಡುತ್ತಾರೆ? ಹೀಗಂತ ಅವನು ಆಮೇಲೆ ಎಷ್ಟು ಸಲ ಹೇಳಿಕೊಂಡರೂ ಎದೆ ಒಪ್ಪಲಿಲ್ಲ. ಲೆಂಪಿ ಮುಖ ತಿರುಗಿಸಿ, "ಹೌದಾ. ಹಾಗಾದರೆ ನಾನೇ ಇರಬೇಕು," ಅಂದಳು. ತಂದ ಪೆನ್ನಿಯನ್ನು ಇಡದೆ ವಾಪಸು ತೆಗೆದುಕೊಂಡು ಹೋದಳು.

ಪ್ರತಿ ಬುಧವಾರ ಅವಳ ಸೌನಾ ಮನೆಗೆ, ಬಿಸಿಹಬೆಯ ಸ್ನಾನಕ್ಕೆ, ಸೌದೆ ಒಡೆದುಕೊಡುವುದು ರೈನೊನ ಹಳೆಯ ವಾಡಿಕೆ. ಮೊದಲ ಬುಧವಾರ ಹೋದಾಗ ಅಡುಗೆಮನೆಯ ತುಂಬ ಚೀಟಿ. ಒಲೆಯ ಮೇಲೆ, "ಆರಿಸಿದೆಯಾ?" ಬಾಗಿಲ ಮೇಲೆ, "ಬೀಗ." ಕಾಫಿ ಡಬ್ಬಿಯ ಮೇಲೆ, "ಇವತ್ತು ಕುಡಿದಾಯಿತು." ಲೆಂಪಿಯದೇ ನೆಟ್ಟಗಿನ ಅಕ್ಷರ.

"ಇದೇನು ದೊಡ್ಡಮ್ಮ?"

"ನನ್ನ ತಲೆ ನಂಬೋ ಹಾಗಿಲ್ಲ ಕಣಪ್ಪ. ಮಗನ ಕಲ್ಲಿಗೆ ಕಸ ಇಟ್ಟವಳು ಒಲೆ ಆರಿಸ್ತಾಳೆ ಅಂತ ಏನು ಗ್ಯಾರಂಟಿ? ಪ್ರತಿ ವರ್ಷ ಇಸವಿ ಓದಿ ಮುತ್ತಿಟ್ಟು ಇಟ್ಟದ್ದು ನೆನಪಿದೆ. ಅದೇ ಸುಳ್ಳಾದರೆ ಇನ್ನು ಯಾವುದು ನಿಜ?"

ಆ ದಿನ ಅವಳು ಏಲಕ್ಕಿ ಬ್ರೆಡ್ಡು ಕೊಟ್ಟಳು. ಅವನು ನೀರು ಕುಡಿದು ನುಂಗಿದ.

ಎರಡನೇ ಬುಧವಾರಕ್ಕೆ ಕಾರಿನ ಬೀಗದಕೈ ಮಗಳ ಕೈಗೆ ಹೋಗಿತ್ತು. ಲೆಂಪಿ ತಾನಾಗಿಯೇ ಕೊಟ್ಟಿದ್ದಳು. ವೈದ್ಯರು ಗಡಿಯಾರ ಬರೆ ಅಂದರಂತೆ, ಸರಿಯಾಗಿ ಬರೆದಳು. ಇದು ಯಾವ ಇಸವಿ ಅಂದಾಗ ಮಾತ್ರ ಬಾಯಿಗೆ ಬರಲಿಲ್ಲವಂತೆ. "ಇಸವಿ ಅಂದ ಕೂಡಲೇ ಆ ಪೆನ್ನಿಗಳೇ ಕಣ್ಣ ಮುಂದೆ ಬಂದವು ಕಣೋ," ಅಂದಳು. ಗ್ರೀನ್ ಬೇಯ ವೃದ್ಧಾಶ್ರಮದಲ್ಲಿ ಜುಲೈ ಒಂದಕ್ಕೆ ಕೋಣೆ ಸಿಕ್ಕಿತ್ತು.

ಅಂದಿನಿಂದ ರೈನೊ ನೆಲಮಾಳಿಗೆಯಿಂದ ಏಳಲಿಲ್ಲ. ಬೆಳಗ್ಗೆ ಕಾಫಿ ಆದ ಕೂಡಲೇ ಇಳಿದು, ಹಳೆಯ ಚಾದರ ಹಾಸಿ ಬಕೆಟ್ಟು ಸುರಿದು, ಮುಖ ಹಸಿರಾದ ಪೆನ್ನಿ ಹುಡುಕುತ್ತಿದ್ದ. ಮೂರನೇ ದಿನ ಎಲ್ಮಾ ಮೆಟ್ಟಿಲ ಮೇಲೆ ನಿಂತಳು.

"ಏನು, ಸಾಮ್ರಾಜ್ಯ ಎಣಿಸ್ತಿದ್ದೀಯಾ?"

ಅವನು ತಲೆ ಎತ್ತದೆ ಎಲ್ಲವನ್ನೂ ಹೇಳಿದ. ಬಸ್ಸಿನ ಸಿಳ್ಳೆಯನ್ನೂ ಹೇಳಿದ.

ಎಲ್ಮಾ ಮೆಟ್ಟಿಲಿಳಿದು ಮೂಲೆಯಲ್ಲಿದ್ದ ಹೊಸ ಸಲಿಕೆಯನ್ನು ಎತ್ತಿ ನೋಡಿ, ತಿರುಗಿಸಿ ಗೋಡೆಗೆ ಒರಗಿಸಿದಳು. "ಹನ್ನೆರಡು ವರ್ಷದ ಸಂಪಾದನೆ ಇದೊಂದು ಸಲಿಕೆ," ಅಂದಳು. "ಸರಕೋ ಆಚೆ." ಅವನ ಎದುರು ಚಾದರದ ಮೇಲೆ ಕೂತು ಅವಳೂ ಹುಡುಕತೊಡಗಿದಳು.

ಹತ್ತು ದಿನದಲ್ಲಿ ಹಸಿರು ಮುಖದ 1949ರವು ಮೂವತ್ತೊಂದು ಸಿಕ್ಕಿದವು. ಇನ್ನೇಳು ಮಾರಿದ ಬಕೆಟ್ಟಿನ ಜೊತೆ ವಿಸ್ಕಾನ್ಸಿನ್‌ಗೆ ಹೋಗಿದ್ದವು ಅಂತ ಕಾಣುತ್ತದೆ. ಹಸಿರಾಗದ, ಮನೆಯಲ್ಲೇ ಇದ್ದ 1949ರವು ಹತ್ತೊಂಬತ್ತು ಬಿದ್ದಿದ್ದವು.

"ಇದರಲ್ಲಿ ಏಳು ಸೇರಿಸು. ಮುದುಕಿ ಮುಂದೆ ಪೂರ್ತಿ ಇಡು, ಸಮಾಧಾನ ಆಗಲಿ. ಯಾರಿಗೆ ಗೊತ್ತಾಗುತ್ತೆ?" ಅಂದಳು ಎಲ್ಮಾ.

"ಹೀಗೇ ಶುರುವಾದದ್ದು," ಅಂದ ರೈನೊ.

ಬುಧವಾರ ಹೋದಾಗ ಮಾರ್ಲೀನ್ ಊರಿಗೆ ಬಂದಿದ್ದಳು, ಪಿಂಗಾಣಿ ತಟ್ಟೆಗಳನ್ನು ಪತ್ರಿಕೆಯಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಗೆ ಇಡುತ್ತಿದ್ದಳು. ಲೆಂಪಿ ಕಿಟಕಿಯ ಹತ್ತಿರ ಪರರ ಮನೆಗೆ ಬಂದವಳ ಹಾಗೆ ಕೂತಿದ್ದಳು. ರೈನೊ ಕೊಡಲಿಗೆ ಹೋಗಲಿಲ್ಲ. ಟೋಪಿ ತೆಗೆದು, ಮೇಜಿನ ಮೇಲೆ ಬಟ್ಟೆಯ ಗಂಟು ಇಟ್ಟ.

"ದೊಡ್ಡಮ್ಮ, ಬದಲಾಯಿಸಿದ್ದು ನಾನು. ಅಕ್ಟೋಬರಿನಲ್ಲಿ. ತಾಮ್ರದ ಆಸೆಗೆ."

ಮಾರ್ಲೀನ್ ಕೈಯಲ್ಲಿದ್ದ ತಟ್ಟೆ ಹಾಗೇ ನಿಂತಿತು. "ಏನಂದೆ?"

"ಮೂವತ್ತೊಂದಿವೆ. ಏಳು ಕಳೆದೆ, ಮಾರಿಬಿಟ್ಟೆ. ಇಲ್ಲಿ ಬೇರೆ ಯಾವುದನ್ನೂ ಸೇರಿಸಿಲ್ಲ."

ಲೆಂಪಿ ಎದ್ದು ಬಂದು ಗಂಟು ಬಿಚ್ಚಿದಳು. ಒಂದನ್ನು ಎತ್ತಿ ಮೇಜಿನ ಮೇಲೆ ಬೀಳಿಸಿದಳು. ಅದು ಹಾಡಿತು. ಇನ್ನೊಂದು ಬೀಳಿಸಿದಳು. ಅದೂ ಹಾಡಿತು. ಗಣಿಗಾರನ ಹೆಂಡತಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಮೂವತ್ತೊಂದನ್ನೂ ಒಂದೊಂದಾಗಿ ಬೀಳಿಸಿ, ಇಸವಿ ಓದಿ, ಬದಿಗಿಟ್ಟಳು. ಅಷ್ಟು ಹೊತ್ತೂ ರೈನೊ ನಿಂತೇ ಇದ್ದ. ಪ್ರತಿ ಪೆನ್ನಿಗೂ ಅವನ ಕತ್ತು ಒಂದಿಷ್ಟು ತಗ್ಗುತ್ತಿತ್ತು.

"ಮಾರ್ಲೀನ್," ಅಂದಳು ಕೊನೆಗೆ, "ತಟ್ಟೆ ಎಲ್ಲಿಂದ ತೆಗೆದೆಯೋ ಅಲ್ಲೇ ಇಡು."

"ಅಮ್ಮಾ, ನಾನು..."

"ನಿಂದೇನು ತಪ್ಪು? ಕಂಡದ್ದು ಹೇಳಿದೆ. ಕಾರಿನ ಬೀಗದಕೈ ಮಾತ್ರ ಆ ಮೊಳೆಗೆ ನೇತುಹಾಕು." ಆಮೇಲೆ ರೈನೊನ ಕಡೆ ತಿರುಗಿದಳು. "ಪೆನ್ನಿ ತಗೊಂಡೆ, ಅದು ಹಾಳಾಗಿ ಹೋಗಲಿ. ಆ ಸೋಮವಾರ ನಿನ್ನ ಮುಖ ನೋಡಿದೆನಲ್ಲೋ, ಇವನೊಬ್ಬ ನನ್ನ ಪರ ಹೇಳ್ತಾನೆ ಅಂತ. ಮೂರು ವಾರ, ರೈನೊ. ಇಪ್ಪತ್ತು ವರ್ಷಕ್ಕೆ ಮಗ ಹೋದ, ಅದನ್ನ ತಡಕೊಂಡೆ. ನನ್ನ ತಲೆಯೇ ನನ್ನ ಬಿಟ್ಟು ಹೋಯಿತು ಅನ್ನೋದನ್ನ ತಡಕೊಳ್ಳೋಕೆ ಆಗಲಿಲ್ಲ."

ರೈನೊ ಮೇಜಿನ ಮೇಲಿನ ಖಾಲಿ ಬಟ್ಟೆಯನ್ನು ಮಡಿಸಿದ.

"ಬ್ಯಾಂಕಿನ ಹುಡುಗಿ ಕೊಟ್ಟಿದ್ದಾಳೆ, ಟಪಾಲಿನವನು ಕೊಟ್ಟಿದ್ದಾನೆ. ನಿನ್ನ ಕೈಯಲ್ಲಿ ಲಕ್ಷ ಪೆನ್ನಿ ಓಡಾಡಿರಬೇಕು. ಈ ಮೂವತ್ತೆಂಟರಲ್ಲಿ ನಿಂದು ಎಷ್ಟು?"

"ಒಂದೂ ಇಲ್ಲ."

"ಅವನನ್ನ ನೋಡೋಕೆ ಅಂತ ಯಾವತ್ತಾದರೂ ಹೋಗಿದ್ದೀಯಾ? ಹುಲ್ಲಿಗಲ್ಲ. ಅವನಿಗೆ ಅಂತ."

ಮೂವತ್ತೊಂದು ವರ್ಷ ಆ ಕಲ್ಲಿನ ಸುತ್ತ ಯಂತ್ರ ತಿರುಗಿಸಿದವನು, ಅದರ ಸದ್ದಿನಲ್ಲಿ ತಲೆ ಬಗ್ಗಿಸಿಕೊಂಡೇ ದಾಟಿ ಹೋಗುತ್ತಿದ್ದವನು, "ಇಲ್ಲ" ಅಂದ. "ಹೇಗೆ ಹೋಗಲಿ ದೊಡ್ಡಮ್ಮ? ನಾನು ವಾಪಸು ಬಂದೆನಲ್ಲ."

ಲೆಂಪಿ ಅವನ ಎಡಗೈ ನೋಡಿದಳು. ಚೀಟಿಗಳನ್ನು ಒಂದೊಂದಾಗಿ ಕಿತ್ತು ಒಲೆಗೆ ಹಾಕಿದಳು. ಕಾಫಿ ಬಗ್ಗಿಸಿ ಮೂರು ಲೋಟ ಇಟ್ಟಳು. ಬ್ರೆಡ್ಡು ಎರಡು ತಟ್ಟೆಗೆ ಮಾತ್ರ ಹಾಕಿದಳು.

"ಏಳು ಜಾಗ ಖಾಲಿ ಇರುತ್ತೆ," ಅಂದಳು. "ಅದನ್ನ ನೀನು ತುಂಬು. ವರ್ಷಕ್ಕೆ ಒಂದೇ. ಒಟ್ಟಿಗೆ ತಂದು ಸುರಿದರೆ ಕೈ ಮುರೀತೀನಿ. ಯಂತ್ರ ಶೆಡ್ಡಿನಲ್ಲಿ ಬಿಟ್ಟು ಬಾ."

ಆ ವಾರ ಮಾರ್ಲೀನ್ ಅಮ್ಮನನ್ನು ಕರೆದುಕೊಂಡು ಹೋಗಿ ಮೂವತ್ತೊಂದನ್ನೂ, ಇಡದೆ ಉಳಿದಿದ್ದ ಆ ವರ್ಷದ್ದನ್ನೂ ತೋಡಿನಲ್ಲಿ ಮಲಗಿಸಿದಳು. ಕಾರು ಓಡಿಸಿದ್ದು ಲೆಂಪಿ. ರೈನೊ ಮೊದಲೇ ಸತುವಿನವನ್ನೆಲ್ಲ ತೆಗೆದು ಕಲ್ಲು ಉಜ್ಜಿದ್ದ, ನಿಂಬೆ, ಸೋಪು, ಹಲ್ಲುಜ್ಜುವ ಬ್ರಷ್ಷು, ಯಾವುದಕ್ಕೂ ಬಿಳಿ ಕರೆ ಹೋಗಲಿಲ್ಲ. ಬಕೆಟ್ಟುಗಳನ್ನು ಅವನು ಬ್ಯಾಂಕಿಗೆ ಕೊಟ್ಟುಬಿಟ್ಟ, ಒಂದಕ್ಕೆ ಒಂದು ಸೆಂಟಿನಂತೆ. "ಇಟ್ಟುಕೊಂಡಿದ್ದರೆ ಮುಂದೆ ಬೆಲೆ ಬರುತ್ತಿತ್ತಲ್ಲ ಮಾವ," ಅಂದಳು ಬ್ಯಾಂಕಿನ ಹುಡುಗಿ. ಅವನು ಸಹಿ ಹಾಕಿ ಬಂದ. ಎಲ್ಮಾ ಆ ದುಡ್ಡನ್ನು ಹೂವಿನ ಡಬ್ಬಿಗೆ ಹಾಕಿಸಿದಳು. 1949ರ ಏಳು ಪೆನ್ನಿ ಮಾತ್ರ ಉಳಿಸಿಕೊಂಡು ಸಕ್ಕರೆ ಬಟ್ಟಲಿನ ಪಕ್ಕ ಇಟ್ಟಳು.

ಜುಲೈನ ಒಂದು ಭಾನುವಾರ ಚರ್ಚು ಮುಗಿದ ಮೇಲೆ ರೈನೊ ಅವುಗಳಲ್ಲಿ ಒಂದನ್ನು ಜೇಬಿಗೆ ಹಾಕಿಕೊಂಡು, ಚರ್ಚಿಗೆ ಹಾಕಿದ್ದ ಕೋಟಿನಲ್ಲೇ, ಬರಿಗೈಲಿ ಸ್ಮಶಾನಕ್ಕೆ ನಡೆದ. ದಾರಿಯಲ್ಲಿ ಸಿಕ್ಕವರು "ಏನು ರೈನೊ, ಭಾನುವಾರವೂ ಕೆಲಸವಾ?" ಅಂದರು. "ಕೆಲಸ ಅಲ್ಲ," ಅಂದ. ಅಷ್ಟು ಹೇಳಲು ಅವನಿಗೆ ಕಷ್ಟವಾಯಿತು.

ಕಲ್ಲಿನ ಮುಂದೆ ನಿಂತಾಗ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಇಷ್ಟು ವರ್ಷ ಕೈಯಲ್ಲಿ ಏನಾದರೊಂದು ಇರುತ್ತಿತ್ತು. ಬಗ್ಗಿ, ಈ ಸಲ ಇಸವಿ ಓದಿದ. ತೈಸ್ಟೊ ಹುಟ್ಟಿದ ವರ್ಷ, ತಾನು ಹುಟ್ಟಿದ್ದೂ ಅದೇ ವರ್ಷ. ಪೆನ್ನಿಯನ್ನು ಕರೆಯ ಮೇಲೆ, ಖಾಲಿ ಇದ್ದ ಮೊದಲ ಜಾಗದಲ್ಲಿ ಮಲಗಿಸಿದ.

"ತೈಸ್ಟೊ," ಅಂದ ಮೆಲ್ಲಗೆ, "ಆ ಬಸ್ಸಿನಲ್ಲಿ ನಾನು ಸಿಳ್ಳೆ ಹಾಕಿದ್ದೆ ಕಣೋ."

ಹೇಳಿ, ಟೋಪಿ ಕೈಯಲ್ಲಿ ಹಿಡಿದು, ನೆರಳು ಮುಂದಿನ ಕಲ್ಲಿಗೆ ಸರಿಯುವವರೆಗೂ ಅಲ್ಲೇ ನಿಂತ.